ಆ ನಾಲ್ಕು ಜನ ಯಾರು?

"ನಾಲ್ಕು ಜನರ ಮುಂದೆ ನನ್ನ ಮಾನ ತೆಗೆದುಬಿಟ್ಟ ಮೇಡಂ ಇವನು."

ಮೈಸೂರಿನ ನನ್ನ ಆಪ್ತಸಮಾಲೋಚನೆ ಕೋಣೆಯಲ್ಲಿ ಒಬ್ಬ ತಂದೆ ಹೀಗೆ ಹೇಳುವಾಗ ಮಗ ಪಕ್ಕದಲ್ಲೇ ಕೂತಿದ್ದ. ಹತ್ತನೇ ಕ್ಲಾಸು. ಕುರ್ಚಿಯ ಕೈ ಮೇಲಿನ ರೆಕ್ಸಿನ್ ಒಂದು ಕಡೆ ಸ್ವಲ್ಪ ಕಿತ್ತುಹೋಗಿದೆ. ಅದನ್ನೇ ಉಗುರಿನಿಂದ ಇನ್ನಷ್ಟು ಎಬ್ಬಿಸುತ್ತಿದ್ದ. ತಲೆ ಎತ್ತಲಿಲ್ಲ. ನಡೆದದ್ದು ಇಷ್ಟು: ಗಣಿತದ ಟೆಸ್ಟ್ ಪೇಪರ್‌ಗೆ ಅಪ್ಪನ ಸಹಿಯನ್ನು ತಾನೇ ಹಾಕಿಕೊಂಡು ಹೋಗಿದ್ದ. ಅದು ಗೊತ್ತಾಗಿದ್ದು ಮಾವನ ಮನೆ ಗೃಹಪ್ರವೇಶದ ದಿನ, ಅದೇ ಶಾಲೆಯಲ್ಲಿ ಓದುವ ಇನ್ನೊಬ್ಬ ಹುಡುಗನ ಬಾಯಿಂದ. ಅಪ್ಪ ಅಲ್ಲೇ, ಊಟದ ಪಂಕ್ತಿಯ ಪಕ್ಕದಲ್ಲೇ, ಎರಡೇಟು ಹಾಕಿದರು. ಆಮೇಲೆ ಹುಡುಗ ಮನೆಯಲ್ಲಿ ಮಾತು ಬಿಟ್ಟ. ಮೂರು ವಾರ ಆಗಿತ್ತು.

(ಯಾರ ಗುರುತೂ ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ. ಇಂಥ ಮನೆಗಳು ಎಷ್ಟಿವೆ ಎಂದರೆ, ಇದನ್ನು ಓದುವ ಹಲವರಿಗೆ ತಮ್ಮ ಮನೆಯದೇ ಅನ್ನಿಸಬಹುದು.)

"ಆ ನಾಲ್ಕು ಜನ ಯಾರು ಸರ್? ಒಂದ್ಸಲ ಎಣಿಸಿ ಹೇಳಿ" ಅಂದೆ.

ಅವರು ಬೆರಳು ಮಡಚಿದರು. "ನನ್ನ ಭಾವಮೈದ. ನಮ್ಮ ದೊಡ್ಡಪ್ಪ. ಆಮೇಲೆ... ಪಕ್ಕದ ಮನೆಯವರು ಇದ್ರು ಅನ್ಸುತ್ತೆ." ಮೂರನೇ ಬೆರಳಿಗೆ ನಿಂತರು.

ಆಮೇಲೆ ಅಪ್ಪ ಅಮ್ಮ ಇಬ್ಬರನ್ನೂ ಹೊರಗೆ ಕೂರಿಸಿ ಹುಡುಗನಿಗೂ ಅದನ್ನೇ ಕೇಳಿದೆ. ಅಲ್ಲಿಯವರೆಗೆ ಒಂದು ಮಾತೂ ಆಡದವನು ಗಟಗಟ ಹೇಳಿದ. ಮಾವ. ದೊಡ್ಡ ತಾತ. ಬಡಿಸುವವರು ಇಬ್ಬರು, ಒಬ್ಬರ ಕೈಯಲ್ಲಿ ಸಾರಿನ ಬಕೆಟ್ ಇತ್ತು. ಪಕ್ಕದ ಮನೆ ಆಂಟಿ, ಅವರ ಇಬ್ಬರು ಮಕ್ಕಳು. ಕೈ ತೊಳೆಯಲು ನಿಂತಿದ್ದ ಒಬ್ಬ ಅಂಕಲ್. ಸಹಿಯ ವಿಷಯ ಹೇಳಿದ ಆ ಹುಡುಗ. ಮಾವನ ಮಗಳು. ಅವಳ ಫ್ರೆಂಡ್. "ಆ ಫ್ರೆಂಡ್ ನಕ್ಕಳು" ಅಂದ. ಸ್ವಲ್ಪ ತಡೆದು, "ಇಲ್ಲ, ನಗಲಿಲ್ಲ. ಆ ಕಡೆ ತಿರುಗಿಕೊಂಡಳು" ಅಂದ.

ಹನ್ನೊಂದು ಜನ. ಯಾರು ಎಲ್ಲಿ ನಿಂತಿದ್ದರು ಅನ್ನುವುದರ ಸಮೇತ. ಗಣಿತದಲ್ಲಿ ಎಷ್ಟು ಬಂದಿತ್ತು ಎಂದು ಕೇಳಿದರೆ, "ಎಂಟೋ ಒಂಬತ್ತೋ" ಅಂದ. ಅಷ್ಟೆಲ್ಲ ರಾದ್ಧಾಂತಕ್ಕೆ ಕಾರಣವಾದ ಅಂಕ ಅವನಿಗೆ ಸರಿಯಾಗಿ ನೆನಪಿರಲಿಲ್ಲ.

ಇಷ್ಟು ವರ್ಷ ಈ ಕೆಲಸ ಮಾಡಿ ನನಗೆ ಗಟ್ಟಿಯಾಗಿ ಅನ್ನಿಸಿರುವ ಒಂದು ಮಾತಿದೆ. ಮಕ್ಕಳನ್ನು ತಿದ್ದುತ್ತಿದ್ದೇವೆ ಅಂದುಕೊಂಡು ನಾವು ಮಾಡುವುದರಲ್ಲಿ ಬಹಳಷ್ಟನ್ನು ಮಾಡುವುದು ಸುತ್ತ ನಿಂತು ನೋಡುತ್ತಿರುವವರಿಗಾಗಿ. ಆ ತಂದೆಯನ್ನು ಆಮೇಲೆ ಒಬ್ಬರನ್ನೇ ಕೂರಿಸಿ ಕೇಳಿದೆ, ಈ ಸಹಿ ವಿಷಯ ಮನೆಯಲ್ಲಿ, ಬಾಗಿಲು ಹಾಕಿರುವಾಗ ಗೊತ್ತಾಗಿದ್ದರೆ ಹೊಡೆಯುತ್ತಿದ್ದಿರಾ ಅಂತ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ಬೈತಿದ್ದೆ ಅಷ್ಟೇ" ಅಂದರು. ಹಾಗಾದರೆ ಆ ಎರಡೇಟು ಯಾರಿಗೆ ಬಿತ್ತು, ಯಾರಿಗೋಸ್ಕರ ಬಿತ್ತು? ತಪ್ಪು ಅದೇ, ಹುಡುಗ ಅವನೇ. ಬೇರೆಯಾಗಿದ್ದು ನೋಡುವವರು ಇದ್ದದ್ದು ಮಾತ್ರ.

ನಾವು ಮಕ್ಕಳಿಗೆ ದಿನಕ್ಕೆ ಹತ್ತು ಸಲ ಅನ್ನುವ ಮಾತು, "ನಾಚಿಕೆ ಆಗಲ್ವಾ ನಿನಗೆ?" ಕನ್ನಡದಲ್ಲಿ ನಾಚಿಕೆ ಕೆಟ್ಟ ಪದ ಅಲ್ಲ. ಹೊಸಬರು ಮನೆಗೆ ಬಂದಾಗ ಅಮ್ಮನ ಸೆರಗಿನ ಹಿಂದೆ ಅಡಗುವ ಮಗುವಿಗೂ ನಾಚಿಕೆ ಅಂತೀವಿ, ಮದುಮಗಳ ಮುಖದಲ್ಲಿರುವುದಕ್ಕೂ ನಾಚಿಕೆ ಅಂತೀವಿ. ಆದರೆ ಹನ್ನೊಂದು ಜನರ ಮುಂದೆ ಆ ಹುಡುಗನಿಗೆ ಆಗಿದ್ದು ನಾಚಿಕೆ ಅಲ್ಲ, ಅವಮಾನ. ಇವೆರಡರ ನಡುವೆ ಇನ್ನೊಂದಿದೆ: 'ನಾನು ತಪ್ಪು ಮಾಡಿದೆ' ಅನ್ನುವ ಅರಿವು. ಮಗುವನ್ನು ತಿದ್ದುವುದು ಅದು. ಅಮೆರಿಕದ ಮನಶ್ಶಾಸ್ತ್ರಜ್ಞೆ ಹೆಲೆನ್ ಲೂಯಿಸ್ 1971ರಲ್ಲೇ ಅವಮಾನವನ್ನೂ ತಪ್ಪಿನ ಅರಿವನ್ನೂ ಬೇರೆ ಬೇರೆ ಮಾಡಿ ತೋರಿಸಿದ್ದರು. ತಪ್ಪಿನ ಅರಿವು ಇರುವವನ ಗಮನ ತಾನು ಮಾಡಿದ ಕೆಲಸದ ಮೇಲಿರುತ್ತದೆ. ಅವಮಾನ ಆದವನ ಗಮನ ಪೂರ್ತಿ ತನ್ನ ಮೇಲೇ ಇರುತ್ತದೆ, 'ನಾನೇ ಕೆಟ್ಟವನು' ಅಂತ. ಮೊದಲನೆಯವನಿಗೆ ಸರಿಮಾಡಬೇಕು ಅನ್ನಿಸುತ್ತದೆ. ಎರಡನೆಯವನಿಗೆ ಭೂಮಿ ಬಾಯಿಬಿಟ್ಟು ನುಂಗಬಾರದಾ ಅನ್ನಿಸುತ್ತದೆ, ಇಲ್ಲವೇ ಎದುರಿಗಿರುವವರ ಮೇಲೆ ಸಿಟ್ಟು ಉಕ್ಕುತ್ತದೆ. ಮಾತು ಬಿಡುವುದು, ಬಾಗಿಲು ದಡಾರ್ ಅಂತ ಹಾಕಿಕೊಳ್ಳುವುದು, ತಮ್ಮನ ಮೇಲೆ ಕೈ ಮಾಡುವುದು, ಎಲ್ಲ ಅಲ್ಲಿಂದಲೇ ಬರುತ್ತವೆ.

ಲೂಯಿಸ್ ನಂತರ ಮನಶ್ಶಾಸ್ತ್ರಜ್ಞೆ ಜೂನ್ ಟ್ಯಾಂಗ್ನಿ ಮತ್ತು ಜೊತೆಗಾರರು ಐದನೇ ಕ್ಲಾಸಿನ ಮಕ್ಕಳನ್ನು ಹಿಡಿದು, ಅವರಿಗೆ ಹದಿನೆಂಟಾಗುವವರೆಗೂ ಗಮನಿಸಿದರು. ಬೇಗ ಅವಮಾನ ಪಡುವ ಮಕ್ಕಳು ಮುಂದೆ ಶಾಲೆಯಿಂದ ಅಮಾನತಾಗುವುದು, ಮಾದಕ ವಸ್ತುಗಳ ಕಡೆ ಹೋಗುವುದು ಜಾಸ್ತಿ ಇತ್ತು. ತಪ್ಪಿನ ಅರಿವು ಪಡುವ ಮಕ್ಕಳಲ್ಲಿ ಅದು ಕಡಿಮೆ. 'ಸ್ವಲ್ಪ ಮರ್ಯಾದೆ ಹೋದ್ರೆ ಬುದ್ಧಿ ಬರುತ್ತೆ' ಅನ್ನುವ ನಮ್ಮ ನಂಬಿಕೆಗೆ ಇದು ಪೂರ್ತಿ ಉಲ್ಟಾ.

ಬುದ್ಧಿ ಬರಲ್ಲ ಅಂದರೆ ಏನು ಬರುತ್ತದೆ? ಬಚ್ಚಿಡುವುದು ಬರುತ್ತದೆ. ಇದಕ್ಕೊಂದು ಸೊಗಸಾದ ಅಧ್ಯಯನ ಇದೆ. 2011ರಲ್ಲಿ ವಿಕ್ಟೋರಿಯಾ ತಲ್ವಾರ್ ಮತ್ತು ಕಾಂಗ್ ಲೀ ಎಂಬ ಇಬ್ಬರು ಸಂಶೋಧಕರು ಪಶ್ಚಿಮ ಆಫ್ರಿಕಾದ ಎರಡು ಶಾಲೆಗಳ 3, 4 ವರ್ಷದ ಮಕ್ಕಳ ಬಗ್ಗೆ ಪ್ರಕಟಿಸಿದ್ದು. ಒಂದು ಶಾಲೆಯಲ್ಲಿ ಸಣ್ಣಪುಟ್ಟದ್ದಕ್ಕೆಲ್ಲ ಹೊಡೆತ. ಇನ್ನೊಂದರಲ್ಲಿ ಹೊಡೆತ ಇಲ್ಲ. ಪ್ರತಿ ಮಗುವಿನ ಬೆನ್ನ ಹಿಂದೆ ಒಂದು ಆಟಿಕೆ ಇಟ್ಟು, ತಿರುಗಿ ನೋಡಬೇಡ ಎಂದು ಹೇಳಿ ದೊಡ್ಡವರು ಆಚೆ ಹೋದರು. ಎರಡೂ ಕಡೆ ಬಹುಪಾಲು ಮಕ್ಕಳು ತಿರುಗಿ ನೋಡಿಬಿಟ್ಟವು. ಮಕ್ಕಳು ತಾನೇ, ನೋಡದೆ ಇರುತ್ತವಾ? ಅಂದರೆ ಹೊಡೆತ ತಪ್ಪನ್ನು ತಡೆಯಲಿಲ್ಲ. ಆದರೆ 'ನೋಡಿದೆಯಾ?' ಎಂದು ಕೇಳಿದಾಗ, ಹೊಡೆಯುವ ಶಾಲೆಯ ಮಕ್ಕಳಲ್ಲಿ ಹೆಚ್ಚುಕಡಿಮೆ ಎಲ್ಲರೂ ಸುಳ್ಳು ಹೇಳಿದರು. ಇನ್ನೊಂದು ಶಾಲೆಯಲ್ಲಿ ಸುಳ್ಳು ಹೇಳಿದವರು ಅದಕ್ಕಿಂತ ತುಂಬಾ ಕಡಿಮೆ. ಅಷ್ಟೇ ಅಲ್ಲ, ಹೊಡೆತ ತಿಂದು ಬೆಳೆದ ಮಕ್ಕಳು ಆ ಸುಳ್ಳನ್ನು ಮುಂದಿನ ಪ್ರಶ್ನೆಗಳಲ್ಲೂ ಜಾಣತನದಿಂದ ಉಳಿಸಿಕೊಂಡವು. ಮೂರು ವರ್ಷಕ್ಕೇ!

ಆ ಹತ್ತನೇ ಕ್ಲಾಸಿನ ಹುಡುಗ ಸಹಿ ಹಾಕಿದ್ದು ಅದು ಮೊದಲ ಸಲ ಅಲ್ಲ. ಏಳನೇ ಕ್ಲಾಸಿನಿಂದ ಹಾಕುತ್ತಿದ್ದ. ಅಪ್ಪನ ಸಹಿಯ ಕೊನೆಯಲ್ಲಿರುವ ಬಾಲವನ್ನು ಎಷ್ಟು ಸಲ ಅಭ್ಯಾಸ ಮಾಡಿದೆ ಎಂದು ನನಗೆ ಹೇಳಿದ. ಏಳನೇ ಕ್ಲಾಸಿನಲ್ಲಿ ಏನಾಯಿತು ಎಂದು ಕೇಳಿದರೆ, ಪ್ರಗತಿ ಪತ್ರವನ್ನು ಅಪ್ಪ ಅಂಗಡಿಯಲ್ಲಿ ಗಿರಾಕಿಗಳ ಮುಂದೆ ಓದಿ ಹೇಳಿದ್ದರಂತೆ.

ಇದು ಏಟಿನ ವಿಷಯ ಮಾತ್ರ ಅಲ್ಲ. ಹೊಡೆಯದ ಮನೆಗಳಲ್ಲೂ ಇದು ನಡೆಯುತ್ತದೆ. ಮಗು ಹಾಸಿಗೆ ಒದ್ದೆ ಮಾಡಿಕೊಂಡ ವಿಷಯವನ್ನು ನಗುತ್ತಾ ಅತ್ತಿಗೆಗೆ ಹೇಳುವುದು. "ಇವಳು ಊಟಕ್ಕೆ ಕೂತ್ರೆ ಮೂರು ಜನದ್ದು ತಿಂತಾಳೆ" ಎಂದು ಪಂಕ್ತಿಯಲ್ಲಿ ಅನ್ನುವುದು. ಹದಿಮೂರರ ಹುಡುಗನ ಮುಖದ ಮೊಡವೆಯನ್ನು ಮದುವೆ ಮನೆಯಲ್ಲಿ ಎಲ್ಲರಿಗೂ ತೋರಿಸಿ ಮದ್ದು ಕೇಳುವುದು. ಮಗು ಮೊದಲ ಸಲ ಮುಟ್ಟಾದ ಸುದ್ದಿ ಅವಳು ಶಾಲೆಯಿಂದ ಮನೆ ತಲುಪುವ ಮೊದಲೇ ಫ್ಯಾಮಿಲಿ ಗ್ರೂಪಿನಲ್ಲಿರುವುದು. ಇದರಲ್ಲಿ ಯಾರಿಗೂ ಕೆಟ್ಟ ಉದ್ದೇಶ ಇಲ್ಲ. ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ತನ್ನ ವಿಷಯ ತನ್ನ ಕೈಯಲ್ಲಿಲ್ಲ ಎಂದು ಮಗು ಕಲಿಯುವುದು ಹೀಗೆಯೇ.

ಹೊಗಳಿಕೆಯೂ ಇದರಿಂದ ಹೊರಗಿಲ್ಲ. "ಪುಟ್ಟಾ, ಅಂಕಲ್‌ಗೆ ರೈಮ್ಸ್ ಹೇಳು." ಮಗು ಹೇಳಲ್ಲ. "ಹೇಳಮ್ಮಾ, ಬೆಳಗ್ಗೆ ತಾನೇ ಹೇಳಿದ್ಯಲ್ಲ." ಮಗು ಅಮ್ಮನ ಚೂಡಿದಾರದ ತುದಿ ಹಿಡಿದುಕೊಳ್ಳುತ್ತದೆ. "ಮನೇಲಿ ತುಂಬ ಚೆನ್ನಾಗಿ ಹೇಳ್ತಾಳೆ, ಯಾರಾದ್ರೂ ಬಂದ್ರೆ ಮಾತ್ರ ಹೀಗೆ." ಎಲ್ಲರಿಗೂ ಗೊತ್ತಿರುವ ದೃಶ್ಯ, ಅಲ್ವಾ? ಕೊನೆಯ ಆ ವಾಕ್ಯದಲ್ಲಿ ಒಂದು ಸಣ್ಣ ದೂರು ಇದೆ. ಮಗುವಿಗೆ ಅದು ಕೇಳಿಸುತ್ತದೆ.

ಹದಿಹರೆಯದಲ್ಲಿ ಇದು ಹತ್ತು ಪಟ್ಟು ಆಗುತ್ತದೆ. ಆ ವಯಸ್ಸಿನ ಮಕ್ಕಳಿಗೆ ತಮ್ಮನ್ನು ಎಲ್ಲರೂ ಸದಾ ನೋಡುತ್ತಿದ್ದಾರೆ ಅನ್ನಿಸುತ್ತಿರುತ್ತದೆ. ಮನಶ್ಶಾಸ್ತ್ರಜ್ಞ ಡೇವಿಡ್ ಎಲ್ಕೈಂಡ್ 1967ರಲ್ಲಿ ಇದನ್ನು 'ಕಲ್ಪಿತ ಪ್ರೇಕ್ಷಕರು' ಎಂದು ಕರೆದರು. ಯಾರೂ ಇಲ್ಲದಿದ್ದರೂ ಪ್ರೇಕ್ಷಕರು ಇರುತ್ತಾರೆ. ಅಂಥವರನ್ನು ನಿಜವಾದ ಪ್ರೇಕ್ಷಕರ ಮುಂದೆ ನಿಲ್ಲಿಸಿ ಬೈದರೆ ಹೇಗಿರಬಹುದು ಯೋಚಿಸಿ.

ಇನ್ನು ನಮ್ಮ ರಿಸಲ್ಟ್ ಸೀಸನ್ನಿಗೆ ಬರುತ್ತೇನೆ, ಏಕೆಂದರೆ ಏಪ್ರಿಲ್, ಮೇ ತಿಂಗಳಲ್ಲಿ ನನ್ನ ಫೋನಿಗೆ ಬಿಡುವಿರುವುದಿಲ್ಲ. 2025ರ ಎಸ್‌ಎಸ್‌ಎಲ್‌ಸಿ ಮೊದಲ ಪರೀಕ್ಷೆಯಲ್ಲಿ ರಾಜ್ಯದ ಒಟ್ಟು ಫಲಿತಾಂಶ 62.34 ಪ್ರತಿಶತ. ಬರೆದವರು ಸುಮಾರು 8.42 ಲಕ್ಷ. ಅಂದರೆ ಮೂರು ಲಕ್ಷಕ್ಕೂ ಜಾಸ್ತಿ ಮಕ್ಕಳು ಒಂದೇ ದಿನ 'ಫೇಲ್' ಅನ್ನುವ ಪದವನ್ನು ನೋಡಿದರು. ಅದೇ ದಿನ 22 ಮಕ್ಕಳಿಗೆ 625ಕ್ಕೆ 625. ಟಿವಿಯಲ್ಲಿ, ಫ್ಲೆಕ್ಸಿನಲ್ಲಿ, ಸ್ಟೇಟಸ್ಸಿನಲ್ಲಿ ಎಲ್ಲ ಕಡೆ ಕಾಣುವುದು ಆ 22 ಮುಖಗಳೇ. ಆ ಮಕ್ಕಳ ಶ್ರಮದ ಬಗ್ಗೆ ನನಗೆ ಗೌರವ ಇದೆ. ನಾನು ಹೇಳುತ್ತಿರುವುದು ಆ ಮೂರು ಲಕ್ಷ ಮನೆಗಳ ಫೋನಿನ ಬಗ್ಗೆ. ಬೆಳಗ್ಗೆಯಿಂದ ರಿಂಗ್ ಆಗುತ್ತದೆ. "ಎಷ್ಟು ಬಂತು ಮಗನಿಗೆ?" ವರ್ಷದಲ್ಲಿ ಒಂದು ದಿನವೂ ಆ ಹುಡುಗ ಹೇಗಿದ್ದಾನೆ ಎಂದು ಕೇಳದವರು ಅವತ್ತು ಕೇಳುತ್ತಾರೆ. ಅಮ್ಮ ಫೋನ್ ಹಿಡಿದು ಅಡುಗೆ ಮನೆಗೆ ಹೋಗಿ ದನಿ ತಗ್ಗಿಸಿ ಮಾತಾಡುತ್ತಾಳೆ. ಆ ತಗ್ಗಿದ ದನಿ ಹಾಲಿನಲ್ಲಿ ಕೂತ ಮಗುವಿಗೆ ಸ್ಪಷ್ಟವಾಗಿ ಕೇಳಿಸುತ್ತದೆ.

ವ್ಯವಸ್ಥೆ ಒಂದಿಷ್ಟು ಮೆತ್ತಗಾಗಿದೆ ಅನ್ನುವುದನ್ನು ಒಪ್ಪಬೇಕು. 2024ರಿಂದ ವರ್ಷಕ್ಕೆ ಮೂರು ಪರೀಕ್ಷೆ, ಯಾವುದರಲ್ಲಿ ಜಾಸ್ತಿ ಬರುತ್ತದೋ ಆ ಅಂಕ ಉಳಿಸಿಕೊಳ್ಳಬಹುದು. 2025ರ ಅಕ್ಟೋಬರ್‌ನಲ್ಲಿ ಪಾಸಿಗೆ ಬೇಕಾದ ಅಂಕವನ್ನೂ 35ರಿಂದ 33 ಪ್ರತಿಶತಕ್ಕೆ ಇಳಿಸುವುದಾಗಿ ಸರ್ಕಾರ ಹೇಳಿತು. ಆದರೆ ಪರೀಕ್ಷೆಗೆ ಎರಡನೇ ಅವಕಾಶ ಇದೆ, ಆ ಫೋನ್ ಕರೆಗಳಿಗೆ ಇಲ್ಲ. ಎರಡನೇ ಪರೀಕ್ಷೆಗೆ ಓದಬೇಕಾದ ಹುಡುಗ ಆ ಎರಡು ವಾರ ರೂಮಿನಿಂದ ಆಚೆಗೇ ಬರದೆ ಇದ್ದದ್ದನ್ನು ನಾನು ನೋಡಿದ್ದೇನೆ. ಅವನಿಗೆ ಪಾಠ ಕಷ್ಟ ಆಗಿರಲಿಲ್ಲ. ಬೀದಿಗೆ ಬರುವುದು ಕಷ್ಟ ಆಗಿತ್ತು.

2025ರ ಮೇನಲ್ಲಿ ಬಾಗಲಕೋಟೆಯ ಒಂದು ಮನೆಯವರು, ಫೇಲಾದ ಮಗನ ಜೊತೆ ಕೇಕ್ ಕತ್ತರಿಸಿದ ಸುದ್ದಿ ದೇಶವೆಲ್ಲ ಸುತ್ತಿತು. ಪರೀಕ್ಷೆಯಲ್ಲಿ ಸೋತಿರಬಹುದು, ಬದುಕಿನಲ್ಲಿ ಸೋತಿಲ್ಲ ಅನ್ನುವ ಅರ್ಥದ ಮಾತು ಹೇಳಿದರು. ಹೊಗಳಿದವರು ಬಹಳ. 'ಫೇಲಾಗಿದ್ದಕ್ಕೂ ಸಂಭ್ರಮವಾ' ಎಂದವರೂ ಇದ್ದರು. ನನಗೆ ಅಲ್ಲಿ ಮುಖ್ಯ ಅನ್ನಿಸಿದ್ದು ಕೇಕ್ ಅಲ್ಲ. ಆ ಅಪ್ಪ ಅಮ್ಮ ಪ್ರೇಕ್ಷಕರ ಸಾಲು ಬಿಟ್ಟು ಬಂದು ಮಗನ ಪಕ್ಕ ನಿಂತರು. ಊರು ಏನಾದರೂ ಅನ್ನುವ ಮೊದಲೇ ತಾವು ಯಾರ ಕಡೆ ಎಂದು ತೋರಿಸಿದರು. ಇದನ್ನು ಕೇಕ್ ಇಲ್ಲದೆಯೂ, ಕ್ಯಾಮೆರಾ ಇಲ್ಲದೆಯೂ ಮಾಡಬಹುದು. ರಿಸಲ್ಟ್ ದಿನ ಬಂದ ಫೋನಿಗೆ, ಮಗುವಿಗೆ ಕೇಳಿಸುವ ಹಾಗೆ, ಮಾಮೂಲಿ ದನಿಯಲ್ಲಿ "ಎರಡನೇ ಪರೀಕ್ಷೆ ಬರೀತಾನೆ, ಆಮೇಲೆ ನಾವೇ ಹೇಳ್ತೀವಿ" ಎಂದರೆ ಆಯಿತು. ಅಡುಗೆ ಮನೆಗೆ ಹೋಗಬೇಡಿ.

ಇಲ್ಲೇ ಇನ್ನೊಂದು ಮಾತು. ಈ ದಿನಗಳಲ್ಲಿ ಮಗು "ನಾನಿಲ್ದಿದ್ರೆ ನಿಮಗೆ ಈ ತಲೆನೋವೇ ಇರ್ತಿರ್ಲಿಲ್ಲ" ಅನ್ನುವಂಥ ಮಾತಾಡಿದರೆ ಅದನ್ನು ನಾಟಕ ಅಂತ ತಳ್ಳಿಹಾಕಬೇಡಿ. ಪಕ್ಕದಲ್ಲಿ ಕೂತುಕೊಳ್ಳಿ, ನೇರವಾಗಿ ಕೇಳಿ, ಒಂಟಿಯಾಗಿ ಬಿಡಬೇಡಿ. ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಮಕ್ಕಳೂ ಮಾಡಬಹುದು, ನೀವೂ ಮಾಡಬಹುದು.

ಇಷ್ಟೆಲ್ಲ ಹೇಳಿದ ಮೇಲೆ ತಂದೆತಾಯಿಯರ ಕಡೆಯಿಂದಲೂ ನೋಡಬೇಕು. ಆ ತಂದೆ ಕೆಟ್ಟವರಲ್ಲ. ಅವರ ಅಪ್ಪ ಅವರನ್ನು ಊರ ಅರಳಿಕಟ್ಟೆಯ ಮುಂದೆ ಹಗ್ಗದಲ್ಲಿ ಹೊಡೆದಿದ್ದರಂತೆ. "ಅದಕ್ಕೇ ನಾನು ಇವತ್ತು ಮನುಷ್ಯ ಆಗಿದ್ದೀನಿ" ಅಂದರು. ಅಲ್ಲಿ ಯಾರ್ಯಾರು ನಿಂತಿದ್ದರು ಎಂದು ಕೇಳಿದೆ. ಗೃಹಪ್ರವೇಶದ್ದು ಮೂರು ಜನಕ್ಕೆ ನಿಂತವರು ಇದನ್ನು ಪೂರ್ತಿ ಹೇಳಿದರು. ನಲವತ್ತು ವರ್ಷದ ಹಿಂದಿನದು. ಹೇಳುತ್ತಾ ಹೇಳುತ್ತಾ ದನಿ ಸಣ್ಣದಾಯಿತು. ಆಮೇಲೆ ಬಹಳ ಹೊತ್ತು ಇಬ್ಬರೂ ಮಾತಾಡಲಿಲ್ಲ.

ಇನ್ನೊಂದು ವಿಷಯ, ಆ ನಾಲ್ಕು ಜನ ಬರೀ ಕಲ್ಪನೆ ಎಂದು ನಾನು ಹೇಳುವುದಿಲ್ಲ. ಕೆಲವರಿಗೆ ಅವರು ನಿಜವಾಗಿಯೂ ಇದ್ದಾರೆ. ಮಗಳು ಜೋರಾಗಿ ನಕ್ಕರೂ 'ಹೇಗೆ ಬೆಳೆಸಿದ್ದಾಳೆ ನೋಡು' ಅನ್ನುವುದು ಅಮ್ಮನಿಗೇ. ಮಗನಿಗೆ ಅಂಕ ಬಂದರೆ ಅಪ್ಪನ ಬುದ್ಧಿ, ಬರದಿದ್ದರೆ ಅಮ್ಮ ಟಿವಿ ನೋಡಿ ಹಾಳು ಮಾಡಿದಳು. ಅತ್ತೆ ಮನೆಯಲ್ಲಿ ದಿನಾ ಪರೀಕ್ಷೆ ಬರೆಯುತ್ತಿರುವ ಸೊಸೆ, ಅವರೆಲ್ಲರ ಮುಂದೆ ಮಗುವಿಗೆ ಒಂದೇಟು ಹಾಕಿದರೆ, ಅದು 'ನಾನು ಸುಮ್ನೆ ಬಿಟ್ಟಿಲ್ಲ, ನೋಡಿ' ಅನ್ನುವ ಉತ್ತರ. ಮಗುವನ್ನು ಹೊಡೆಯಬೇಡಮ್ಮ ಎಂದು ಅವಳಿಗೊಬ್ಬಳಿಗೇ ಹೇಳಿ ಕಳಿಸಿದರೆ ಏನೂ ಬದಲಾಗಲ್ಲ. ಅದಕ್ಕೇ ನಾನು ಎಷ್ಟೋ ಸಲ ಅಜ್ಜಿಯನ್ನು ಕರೆಸಿ ಮಾತಾಡುತ್ತೇನೆ. ಅಜ್ಜಿಯರು ಬೇಗ ಅರ್ಥ ಮಾಡಿಕೊಳ್ಳುತ್ತಾರೆ, ಸರಿಯಾಗಿ ಕೂರಿಸಿ ಕೇಳಿದರೆ.

ಆದರೆ ಬಹಳ ಸಲ, ನಾವು ಅಂದುಕೊಂಡಷ್ಟು ಯಾರೂ ನೋಡುತ್ತಿರುವುದಿಲ್ಲ ಅನ್ನುವುದೂ ನಿಜ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಗಿಲೊವಿಚ್ ಮತ್ತು ಜೊತೆಗಾರರು 2000ದಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಮುಜುಗರ ಆಗುವಂಥ ಚಿತ್ರವಿರುವ ಟೀ ಶರ್ಟ್ ಹಾಕಿಸಿ ಒಬ್ಬೊಬ್ಬ ವಿದ್ಯಾರ್ಥಿಯನ್ನು ಜನ ಕೂತ ಕೋಣೆಗೆ ಕಳಿಸಿದರು. ಸುಮಾರು ಅರ್ಧ ಜನ ಗಮನಿಸಿರುತ್ತಾರೆ ಎಂದು ಹಾಕಿಕೊಂಡವರು ಅಂದುಕೊಂಡರು. ನಿಜವಾಗಿ ಗಮನಿಸಿದ್ದು ಕಾಲು ಭಾಗದಷ್ಟು ಜನ. ಗೃಹಪ್ರವೇಶಕ್ಕೆ ಬಂದವರಿಗೆ ಹೋಳಿಗೆ ಎರಡನೇ ಸಲ ಬರುತ್ತದಾ ಅನ್ನುವ ಚಿಂತೆ ಇರುತ್ತದೆ.

"ಹಾಗಾದ್ರೆ ಬೈಯಲೇಬಾರದಾ?" ಇದನ್ನು ಎಲ್ಲರೂ ಕೇಳುತ್ತಾರೆ. ಬೈಯಿರಿ. ಸಹಿ ಕದ್ದರೆ ಬೈಯಲೇಬೇಕು. ಆದರೆ ಒಬ್ಬರೇ ಇರುವಾಗ. ಹೊರಗಡೆ ಮಗು ಹಟ ಮಾಡಿದರೆ ಅದನ್ನು ಎತ್ತಿಕೊಂಡು ಮೆಟ್ಟಿಲ ಹತ್ತಿರವೋ ಕಾರಿನ ಹತ್ತಿರವೋ ಹೋಗಿ. ದೊಡ್ಡ ಮಕ್ಕಳಿಗೆ "ಮನೆಗೆ ಹೋಗಿ ಮಾತಾಡೋಣ" ಎಂದರೆ ಸಾಕು, ಆದರೆ ಮನೆಗೆ ಹೋದ ಮೇಲೆ ನಿಜವಾಗಿಯೂ ಮಾತಾಡಬೇಕು. ಮಾಡಿದ್ದರ ಬಗ್ಗೆ ಮಾತಾಡಿ, ಅವನ ಜಾತಕ ಬಿಚ್ಚಬೇಡಿ. "ನನ್ನ ಸಹಿ ನೀನು ಹಾಕಿದ್ದು ತಪ್ಪು, ನಾಳೆ ಟೀಚರ್ ಹತ್ತಿರ ಹೋಗಿ ಹೇಳಬೇಕು, ನಾನೂ ಬರ್ತೀನಿ." ಇದು ಎರಡೇಟಿಗಿಂತ ಕಷ್ಟದ ಶಿಕ್ಷೆ. ಯಾವ ಹುಡುಗನನ್ನಾದರೂ ಕೇಳಿ ನೋಡಿ.

ಶಾಲೆಗಳಿಗಂತೂ ಇದು ಕಾನೂನೇ ಆಗಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಅಂಕಗಳನ್ನು ಕ್ಲಾಸಿನಲ್ಲಿ ಗಟ್ಟಿಯಾಗಿ ಓದಿ, ಕಡಿಮೆ ಬಂದವರನ್ನು ಎದ್ದು ನಿಲ್ಲಿಸುವವರು ಇದನ್ನೊಮ್ಮೆ ಓದಿಕೊಂಡರೆ ಒಳ್ಳೆಯದು.

ನಾನೂ ಇದನ್ನು ಮಾಡಿದ್ದೇನೆ. ನನ್ನ ಮಗಳಿಗೆ ಆರು ವರ್ಷ ಇದ್ದಾಗ, ಛತ್ರದಲ್ಲಿ, ಅವಳು ಪಾಯಸ ಚೆಲ್ಲಿದಳು ಎಂದು ಎಲ್ಲರ ಮುಂದೆ ಗದರಿದೆ. ರಾತ್ರಿ ಮನೆಯಲ್ಲಿ ಕ್ಷಮೆ ಕೇಳಿದೆ. ಅವಳು ಕೇಳಿದ ಪ್ರಶ್ನೆ ಇವತ್ತಿಗೂ ನೆನಪಿದೆ. "ಅವರಿಗೆಲ್ಲ ಯಾರು ಹೇಳ್ತಾರೆ?" ಅಂದರೆ, ಗದರಿದ್ದನ್ನು ನೋಡಿದವರೆಲ್ಲ ಅಲ್ಲಿದ್ದರು, ಕ್ಷಮೆ ಕೇಳಿದ್ದನ್ನು ಯಾರೂ ನೋಡಲಿಲ್ಲ. ಅವಳ ಲೆಕ್ಕ ಸರಿ ಇತ್ತು. ಮಾರನೇ ದಿನ ನನ್ನ ಅಕ್ಕನಿಗೆ ಅವಳ ಎದುರಿಗೇ ಫೋನ್ ಮಾಡಿ, "ನಿನ್ನೆ ನಾನು ಸುಮ್ಸುಮ್ನೆ ಬೈದೆ, ನಂದೇ ತಪ್ಪು" ಎಂದು ಹೇಳಿದೆ.

ಅದನ್ನೇ ಆ ತಂದೆಗೂ ಹೇಳಿದ್ದೆ. ಅವರಿಗೆ ಅದು ಆಗಲಿಲ್ಲ. ಎಲ್ಲರ ಮುಂದೆ ಮಗನ ಕ್ಷಮೆ ಕೇಳುವುದು ಅವರಿಂದಾಗುವ ಮಾತಲ್ಲ, ನಾನೂ ಒತ್ತಾಯ ಮಾಡಲಿಲ್ಲ. ನಾಲ್ಕೈದು ತಿಂಗಳಾದ ಮೇಲೆ ಹುಡುಗ ಒಬ್ಬನೇ ಬಂದ. ಗಣಿತ ಈಗಲೂ ಕಷ್ಟವೇ, ಒಂದು ಪೇಪರ್ ಈಗಲೂ ಮನೆಯಲ್ಲಿ ತೋರಿಸಿಲ್ಲ ಅಂದ. ಆಮೇಲೆ, ಹೋದ ವಾರ ಒಂದು ನಾಮಕರಣಕ್ಕೆ ಹೋಗಿದ್ದೆವು, ಅಲ್ಲಿ ಮಾವ ಎಲ್ಲರ ಮುಂದೆ "ಏನಪ್ಪಾ, ಈ ಸಲ ಸಹಿ ಯಾರದು?" ಅಂತ ನಕ್ಕರು ಅಂದ.

"ನೀನೇನಂದೆ?"

"ನಾನೇನೂ ಅನ್ನಲಿಲ್ಲ. ಅಪ್ಪ ಅಂದ್ರು. ಅದು ಮುಗಿದ ವಿಷಯ, ಬಿಡಿ ಭಾವ, ಮತ್ತೆ ಎತ್ತಬೇಡಿ ಅಂದ್ರು."

"ಯಾರ್ಯಾರಿದ್ರು ಅಲ್ಲಿ?"

ಅವನು ಕುರ್ಚಿಯ ಕೈ ಮೇಲಿಂದ ಬೆರಳು ತೆಗೆದ. ಎಣಿಸತೊಡಗಿದ. ಮಾವ, ಅತ್ತೆ, ದೊಡ್ಡ ತಾತ, ಮಾವನ ಮಗಳು...